ಊರಿಗಾಂ ಲೈನಿನ ಎರಡು ಮುಹೂರ್ತಗಳು

ಪುರೋಹಿತರು ಬಲಗೈ ಎತ್ತಿ ಬೆರಳು ಆಡಿಸಿದರೆಂದರೆ ಓಲಗದವನಿಗೆ ಮಿಕ್ಕದ್ದೇನೂ ಕಾಣಬಾರದು. ತಾಳಿ ಕಟ್ಟುವ ಆ ಹೊತ್ತಿಗೆ ಯಾರೋ ಸೀನಬಹುದು, ಮಗು ಅಳಬಹುದು, ಚಪ್ಪರದ ಹೊರಗೆ ಯಾರಾದರೂ ಬಾಯಿಗೆ ಬಂದಂತೆ ಬೈದಾಡಬಹುದು. ಅಂಥದ್ದೊಂದೂ ಮದುಮಕ್ಕಳ ಕಿವಿಗೆ ಬೀಳಬಾರದೆಂದೇ ಗಟ್ಟಿಮೇಳ ಇರುವುದು. ಡೋಲು ಎಡೆಬಿಡದೆ ಉರುಳಬೇಕು, ನಾಗಸ್ವರ ಮೇಲಿನ ಷಡ್ಜದ ಸುತ್ತಲೇ ಸುತ್ತುತ್ತ ಕೂಗಬೇಕು. ಮೂರನೆಯ ಗಂಟು ಬಿದ್ದು ಪುರೋಹಿತರ ಕೈ ಕೆಳಗಿಳಿಯುವ ತನಕ ಅದು ನಿಲ್ಲುವಂತಿಲ್ಲ. ನಾನು ಮುಖ್ಯ ನಾಗಸ್ವರ ಹಿಡಿದು ಕೂತ ಮೊದಲ ಮದುವೆಯಲ್ಲೇ ಅದು ನಿಂತುಹೋಯಿತು.

ಐವತ್ತರ ದಶಕದ ಕೊನೆಯ ಮಾತಿದು. ಚಿನ್ನದ ಗಣಿಗಳು ಕಂಪನಿಯ ಕೈ ಬಿಟ್ಟು ಸರ್ಕಾರದ ಕೈಗೆ ಬಂದು ಸ್ವಲ್ಪ ಕಾಲವಾಗಿತ್ತು. ನಮ್ಮದು ಬಂಗಾರಪೇಟೆಗೆ ಹತ್ತಿರದ ಒಂದು ಹಳ್ಳಿ. ಮನೆತನದ ಕಸುಬು ಓಲಗ. ಲಗ್ನಗಳಿಲ್ಲದ ತಿಂಗಳುಗಳಲ್ಲಿ ಒಂದಿಷ್ಟು ರಾಗಿ ಹೊಲ, ನಾಲ್ಕು ಕುರಿ. ನನಗೆ ನಾಗಸ್ವರ ಕಲಿಸಿದ ಗುರುಗಳು ಊರಿಗಾಂನಲ್ಲಿ, ಗಣಿ ಕೆಲಸಗಾರರ ಸಾಲುಮನೆಗಳ ಲೈನಿನಲ್ಲಿ, ಮಗನ ಮನೆಯಲ್ಲಿದ್ದರು. ಹರೆಯದಲ್ಲಿ ಅದಿರು ಪುಡಿ ಮಾಡುವ ಮಿಲ್ಲಿನಲ್ಲಿ ಕೆಲಸ ಮಾಡಿಕೊಂಡೇ ಸುತ್ತಲ ಸೀಮೆಗೆಲ್ಲ ಊದಿದವರು. ಆ ಮಿಲ್ಲಿನ ಧೂಳು ಎದೆಯಲ್ಲಿ ಕೂತು, ಅವರ ಉಸಿರು ಒಂದು ಪಲ್ಲವಿಗೂ ಸಾಲದಂತಾದಾಗ ನಾಗಸ್ವರ ನನ್ನ ಕೈಗೆ ಬಂತು.

ಅಲ್ಲಿಯವರೆಗೆ ನಾನು ಅವರ ಒತ್ತಿನವನು. ಒತ್ತು ಎಂದರೆ ಒಂದೇ ಸ್ವರವನ್ನು ಹಿಡಿದು ಶ್ರುತಿ ಕೊಡುವ ಉದ್ದನೆಯ ವಾದ್ಯ. ಅದನ್ನು ಊದುವವನ ಕಡೆ ಯಾರೂ ನೋಡುವುದಿಲ್ಲ. ಅವನು ನಿಲ್ಲಿಸಿದಾಗ ಮಾತ್ರ ಎಲ್ಲರೂ ತಿರುಗುತ್ತಾರೆ. ನನಗೆ ಆ ಜಾಗ ಹಿತವಾಗಿತ್ತು. ನಾನು ಹುಟ್ಟಾ ಪುಕ್ಕಲ. ಗುರುಗಳು ತಮ್ಮ ನಾಗಸ್ವರವನ್ನು ನನ್ನ ಮಡಿಲಲ್ಲಿಟ್ಟ ದಿನ ಉಳಿದ ಶಿಷ್ಯರಾಗಿದ್ದರೆ ಕುಣಿದಾಡುತ್ತಿದ್ದರೇನೋ. ನಾನು ಅದನ್ನು ಮತ್ತೆ ಅವರ ಕಡೆಗೇ ಸರಿಸಿದೆ.

ಆ ಮೊದಲ ಮದುವೆ ನಡೆದದ್ದು ಅದೇ ಲೈನಿನಲ್ಲಿ. ಮದುಮಗ ಟಿಂಬರ್ ಕೆಲಸದವನು. ಅಂದರೆ ಗಣಿಯೊಳಗೆ ಬಂಡೆ ಕುಸಿಯದಂತೆ ಮರದ ಆಧಾರ ಕೊಡುವವನು. ಮದುಮಗಳು ಬಂಗಾರಪೇಟೆ ಕಡೆಯ ಒಕ್ಕಲು ಮನೆಯವಳು. ಡೋಲಿಗೆ ನನ್ನ ಸೋದರಮಾವ ಬಂದಿದ್ದರು. ಗುರುಗಳು ತಾವೇ ಶ್ರುತಿಪೆಟ್ಟಿಗೆಯ ತಿದಿ ಆಡಿಸುತ್ತ ನನ್ನ ಪಕ್ಕದಲ್ಲಿ ಕೂತಿದ್ದರು. ಇಷ್ಟು ವರ್ಷ ನಾನು ಕೂರುತ್ತಿದ್ದ ಜಾಗದಲ್ಲಿ ಅವರು, ಅವರ ಜಾಗದಲ್ಲಿ ನಾನು.

ಬೆಳಗಿನ ಬಿಲಹರಿ ರಾಗ ಚೆನ್ನಾಗಿಯೇ ನಡೆಯಿತು. ಧಾರೆ ಮುಗಿಯಿತು. ಪುರೋಹಿತರ ಕೈ ಮೇಲೆ ಹೋಯಿತು. ವಾಡಿಕೆಯಂತೆ ನಾನು ಎದ್ದು ನಿಂತು ಊದಿದೆ, ಮಾವ ಡೋಲು ಉರುಳಿಸಿದರು. ಮದುಮಗ ಮೊದಲ ಗಂಟು ಹಾಕಿದ್ದನ್ನು ಕಣ್ಣಂಚಿನಲ್ಲಿ ಕಂಡೆ. ಅಷ್ಟರಲ್ಲಿ ನಾನು ನಿಂತಿದ್ದ ನೆಲ ಒಮ್ಮೆ ಕುಲುಕಿತು.

ಗಣಿಯ ಆಳದಲ್ಲಿ ಭಾರ ತಡೆಯಲಾರದೆ ಬಂಡೆ ತಾನಾಗಿ ಸಿಡಿಯುತ್ತದೆ. ಅಲ್ಲಿಯ ಜನ ಅದಕ್ಕೆ ಏರ್‌ಬ್ಲಾಸ್ಟ್ ಅನ್ನುತ್ತಾರೆ. ಮೇಲೆ ನೆಲ ಅಲ್ಲಾಡುತ್ತದೆ, ಗೂಡಿನಲ್ಲಿಟ್ಟ ಪಾತ್ರೆಗಳು ಗಲಗಲ ಅನ್ನುತ್ತವೆ, ಜನ ಗಳಿಗೆ ಹೊತ್ತು ಸುಮ್ಮನಾಗಿ ಮತ್ತೆ ಮಾತು ಮುಂದುವರಿಸುತ್ತಾರೆ. ಹೊತ್ತಲ್ಲದ ಹೊತ್ತಿನಲ್ಲಿ ಸೈರನ್ ಕೂಗಿದರೆ ಮಾತ್ರ ಎದ್ದು ಗಣಿಗೆ ಇಳಿಯುವ ಶಾಫ್ಟಿನ ಕಡೆ ಓಡುತ್ತಾರೆ, ಯಾಕೆಂದರೆ ಒಳಗೆ ಜನ ಸಿಕ್ಕಿಕೊಂಡಿದ್ದಾರೆ ಎಂದೇ ಅದರ ಅರ್ಥ. ಇದೆಲ್ಲ ನಾನು ಕೇಳಿ ಬಲ್ಲೆ. ಆದರೆ ರೈಲಿನಲ್ಲಿ ಬಂದು ಊದಿ, ಊಟ ಮಾಡಿ, ಸಂಜೆಯ ರೈಲಿಗೆ ವಾಪಸು ಹೋಗುವ ನನಗೆ ಅದು ಒಂದು ಸಲವೂ ಕಾಲಡಿಯಲ್ಲಿ ಸಿಕ್ಕಿರಲಿಲ್ಲ.

ನನ್ನ ಬೆರಳು ಜಾರಲಿಲ್ಲ. ಬಾಯಿ ತೆರೆದುಕೊಂಡಿತು. ನಾಗಸ್ವರದ ತುದಿಗೆ ಸಿಕ್ಕಿಸುವ ಜೊಂಡಿನ ಪೀಪಿ ತುಟಿಯಿಂದ ಕಳಚಿತು. ನಾನು ನಿಲ್ಲಿಸಿದ್ದನ್ನು ನೋಡಿ ಮೂರೂ ಗಂಟು ಮುಗಿಯಿತೆಂದುಕೊಂಡು ಮಾವನೂ ಡೋಲು ನಿಲ್ಲಿಸಿದರು. ಚಪ್ಪರದಲ್ಲಿ ಶ್ರುತಿಪೆಟ್ಟಿಗೆಯ ಗುಂಯ್ ಅನ್ನುವ ಸದ್ದೊಂದೇ ಉಳಿಯಿತು. ಹೆಣ್ಣಿನ ಕಡೆಯ ಅಜ್ಜಿಯೊಬ್ಬಳು "ಅಯ್ಯೋ, ಒಳಗಿರೋರ ಗತಿ ಏನಪ್ಪಾ" ಅಂದಳು. ಅವಳ ಮಾತು ಮುಗಿಯುವ ಮೊದಲೇ ಸೈರನ್ ಕೂಗಿತು. ಮದುಮಗನ ಕೈಯಲ್ಲಿ ಎರಡನೆಯ ಗಂಟು ಅರ್ಧದಲ್ಲಿತ್ತು. ಮದುಮಗಳು ತಲೆ ಎತ್ತಿ ಸೈರನ್ ಬಂದ ಕಡೆ ನೋಡಿದಳು. ನಾನು ಗಾಬರಿಯಲ್ಲಿ ಪೀಪಿ ಮತ್ತೆ ಬಾಯಿಗಿಟ್ಟು ಊದಿದರೆ ಅದು ಕೀರಲಿತು.

ಮಿಕ್ಕ ಗಂಟುಗಳು ಸೈರನ್ನಿನ ನಡುವೆಯೇ ಬಿದ್ದವು. ಅವತ್ತು ಬೇರೊಂದು ಶಾಫ್ಟಿನಲ್ಲಿ ಜನ ಸತ್ತರು. ನನ್ನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಮದುಮಗನೇ ತಾಂಬೂಲ ಕೊಡಲು ಬಂದು ನಕ್ಕ.

"ಮೊದಲ್ನೇ ಸಲ ನೆಲ ಅಲ್ಲಾಡಿದ್ ಕಂಡೋರೆಲ್ಲ ಇಂಗೇ ಕಣಣ್ಣ. ನಮ್ ಭಾವ ಒಬ್ಬ ಮಂಚದ್ ಕೆಳೀಕೆ ಓಗಿ ಕುಂತಿದ್ದ."

ಅವನ ತಾಯಿ ಮಾತ್ರ ದೂರದಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಮಗ ಹೊರಟ ಮೇಲೆ ಹತ್ತಿರ ಬಂದು, ಮೆಲ್ಲಗೆ, "ನನ್ ಮಗ ದಿನಾ ಕೆಳೀಕೆ ಇಳೀತಾನೆ. ಅವನ ತಾಳೀಗೆ ಸೈರನ್ ಕೇಳಿಸ್ಬಿಟ್ರಲ್ಲಪ್ಪ" ಅಂದಳು. ನಾನು ನಾಗಸ್ವರವನ್ನು ಚೀಲಕ್ಕೆ ಸೇರಿಸಿ ಸ್ಟೇಷನ್ನಿನ ಕಡೆ ನಡೆದೆ.

ಸುದ್ದಿ ನನಗಿಂತ ಮೊದಲು ರೈಲು ಹತ್ತಿತು. ಬಂಗಾರಪೇಟೆಯಲ್ಲಿ ಇಳಿಯುವ ಹೊತ್ತಿಗೆ ನನಗೊಂದು ಹೆಸರೇ ಬಿದ್ದಿತ್ತು: ಬಾಯಿ ಬಿಟ್ಟ ಓಲಗದವನು. ಆ ವೈಶಾಖದಲ್ಲಿ ಒಪ್ಪಿಕೊಂಡಿದ್ದ ಮದುವೆಗಳು ಒಂದೊಂದಾಗಿ ತಪ್ಪಿಹೋದವು. ಒಬ್ಬರಂತೂ ನಯವಾಗಿ, "ನಾವು ಮೈಕು ಸೆಟ್ಟಿನವನ ಹತ್ರ ಗ್ರಾಮಫೋನಿಗೆ ನಾಗಸ್ವರದ ಪ್ಲೇಟು ಆಕಿಸ್ತೀವಿ, ತಪ್ಪು ತಿಳ್ಕೋಬೇಡಿ" ಎಂದರು. ತಿಳಿದುಕೊಳ್ಳುವುದೇನು, ಪ್ಲೇಟಿಗೆ ಹೆದರಿಕೆ ಇಲ್ಲ.

ಆದರೆ ನನ್ನ ಹೆದರಿಕೆ ಮದುವೆಗಳು ತಪ್ಪಿದ್ದಕ್ಕಲ್ಲ. ಆ ಟಿಂಬರಿನವನು ದಿನಾ ಕೆಳಗಿಳಿಯುತ್ತಿದ್ದ. ಅವನಿಗೆ ಏನಾದರೂ ಆದರೆ ಅದು ನನ್ನ ಬಾಯಿಂದ ಆದದ್ದು ಎಂದು ಅವನ ತಾಯಿ ಹೇಳುತ್ತಾಳೆ, ಊರು ಹೇಳುತ್ತದೆ. ಅದಕ್ಕೂ ಕೆಟ್ಟದ್ದೆಂದರೆ ನಾನೂ ನಂಬುತ್ತೇನೆ. ನಂಬುತ್ತಿದ್ದೆ. ನಮ್ಮ ಕಸುಬೇ ಆ ನಂಬಿಕೆಯ ಮೇಲೆ ನಿಂತದ್ದು. ಗಟ್ಟಿಮೇಳದಿಂದ ಕೆಟ್ಟದ್ದು ನಿಲ್ಲುತ್ತದೆಂದು ಊದಿ ತಿನ್ನುವವನು, ಅದು ತಪ್ಪಿದರೆ ಏನೂ ಆಗುವುದಿಲ್ಲ ಎಂದು ಯಾವ ಬಾಯಲ್ಲಿ ಹೇಳಲಿ?

ನಾಗಸ್ವರ ವಾಪಸು ಕೊಟ್ಟುಬಿಡೋಣವೆಂದು ಊರಿಗಾಂಗೆ ಹೋದೆ. ಗುರುಗಳು ಚಾಪೆಯ ಮೇಲೆ ಒರಗಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ, ಕೆಮ್ಮು ಮುಗಿಸಿ, "ಒರೇಯ್, ಅದನ್ ಗೋಡೆಗೆ ತಗುಲಾಕು. ನೀನೂ ಇಲ್ಲೇ ಬಿದ್ದಿರು" ಎಂದರು.

"ಇಲ್ಲಾ? ನಂಗೆ ಈ ನೆಲ ಕಂಡ್ರೇನೇ ಎದ್ರಿಕೆ ಗುರುಗಳೇ."

"ಅದ್ಕೇ ಇಲ್ಲೇ ಇರು ಅಂದಿದ್ದು. ಊರಾಗೆ ಕುಂತು ಈಜು ಕಲೀತೀಯೇನ್ಲಾ, ನೀರ್ಗಿಳೀದೆ?"

ಹೀಗೆ ನಾನು ಊರಿಗಾಂ ಲೈನಿನವನಾದೆ. ತಟ್ಟಿ ಕಟ್ಟಿದ ಹೊರಗಿನ ಜಗಲಿಯೇ ನನ್ನ ಕೋಣೆ. ಅಲ್ಲಿಂದ ಟಿಂಬರಿನವನ ಮನೆ ಎದುರು ಸಾಲಿನಲ್ಲಿ ಕಾಣುತ್ತಿತ್ತು. ಅವನು ದೀಪದ ಟೋಪಿ ಹಿಡಿದು ಹೊರಟರೆ ನನಗೆ ಗೊತ್ತಾಗುತ್ತಿತ್ತು, ಬಂದರೂ ಗೊತ್ತಾಗುತ್ತಿತ್ತು. ಅವನ ಹೆಂಡತಿ ನೀರಿಗೆ ಬಂದಾಗ ನನ್ನನ್ನು ಕಂಡು ತಲೆ ತಗ್ಗಿಸಿ ಹೋಗುತ್ತಿದ್ದಳು. ಹೊತ್ತಲ್ಲದ ಹೊತ್ತಿನಲ್ಲಿ ಸೈರನ್ ಕೂಗಿದಾಗೆಲ್ಲ ಅವಳು ಕೆಲಸ ಬಿಟ್ಟು ಬೀದಿಯ ಕೊನೆಗೆ ಬಂದು ನಿಲ್ಲುವಳು. ಒಂದು ಕೈ ತಾಳಿಯ ಮೇಲೆ. ಅವನು ಬೀದಿಯ ತಿರುವಿನಲ್ಲಿ ಕಾಣಿಸಿಕೊಳ್ಳುವವರೆಗೆ ಅವಳು ಅಲ್ಲಿ, ನಾನು ಜಗಲಿಯಲ್ಲಿ. ಅವನು ಬಂದಾಗ ಅವಳು ಒಳಗೆ ಹೋಗುತ್ತಿದ್ದಳು. ನಾನು ಆಮೇಲೆ ನಾಗಸ್ವರ ಕೈಗೆತ್ತಿಕೊಳ್ಳುತ್ತಿದ್ದೆ.

ಗುರುಗಳು ಪಾಠ ಶುರು ಮಾಡಿದರು. ನಾನು ಗೋಡೆಗೆ ಮುಖ ಮಾಡಿ ಗಟ್ಟಿಮೇಳ ಊದಬೇಕು. ಪಾಠಕ್ಕೆಂದೇ ರೈಲಿನಲ್ಲಿ ಬರುತ್ತಿದ್ದ ಮಾವ ನನ್ನ ಬೆನ್ನ ಹಿಂದೆ ಹಿತ್ತಾಳೆ ಕೊಳಗ ಎತ್ತಿ ಹಾಕುವುದು, ತಗಡು ಬಡಿಯುವುದು. ಲೈನಿನ ಮಕ್ಕಳಿಗೆ ಇದು ಹಬ್ಬವಾಯಿತು. ತಾವೂ ಪಟಾಕಿ ತಂದು ಹಚ್ಚಿದರು. ಇಷ್ಟಕ್ಕೂ ನಾನು ಬಾಯಿ ಬಿಡಲಿಲ್ಲ. ಮಾವ ಖುಷಿಯಾದರು. ಗುರುಗಳು ಆಗಲಿಲ್ಲ.

ಒಂದು ಬೆಳಿಗ್ಗೆ ಹಾಗೆ ಊದುತ್ತಿರುವಾಗಲೇ ನಿಜವಾದ ಏರ್‌ಬ್ಲಾಸ್ಟ್ ಆಯಿತು. ಸಣ್ಣದು. ಸೂರಿನಿಂದ ಒಂದಿಷ್ಟು ಮಣ್ಣು ಉದುರಿತು, ಅಷ್ಟೆ. ನನ್ನ ಬಾಯಿ ಥಟ್ಟನೆ ತೆರೆದುಕೊಂಡು ಪೀಪಿ ಹೊರಗೆ ಬಂತು.

"ನೋಡ್ದೇನ್ಲಾ," ಅಂದರು ಗುರುಗಳು. "ಶಬ್ದಕ್ಕಲ್ಲ ನಿನ್ ಬಾಯಿ ತೆರಕೊಳ್ಳಾದು. ಶಬ್ದ ಬರಾಕ್ ಮುಂಚೇನೇ ಪಾದಕ್ಕೆ ಗೊತ್ತಾಯ್ತದೆ. ಪಾದ ನಡುಗಿದ್ರೆ ಮೈ ಉಸಿರ್ ಎಳ್ಕಂತದೆ. ನೀನು ಬಾಯಾಗೆ ಎಳ್ಕಂತೀಯ."

"ಏನ್ ಮಾಡ್ಲಿ?"

"ಎಳ್ಕಬೇಡ."

ಹೇಳುವುದು ಸುಲಭ. ಬೆಚ್ಚಿಬಿದ್ದ ಮೈ ಯಾರ ಮಾತು ಕೇಳುತ್ತದೆ? ನಾಗಸ್ವರದ ಉಸಿರು ಹೊಟ್ಟೆಯಿಂದ ನೇರ ಬರಬೇಕು, ಕೆನ್ನೆ ಉಬ್ಬಬಾರದು. ಒಂದೊಂದು ಸಂಗತಿಯ ಕೊನೆಯಲ್ಲಿ ತುಟಿಯ ಓರೆಯಿಂದ ಗುಟುಕು ಉಸಿರು ತೆಗೆದುಕೊಳ್ಳಬೇಕು. ಬೆಚ್ಚಿದಾಗ ಆ ಓರೆಯೇ ಬಾಗಿಲಿನಂತೆ ತೆರೆದುಬಿಡುತ್ತಿತ್ತು. ದಿನಾ ಬೆಳಿಗ್ಗೆ ನಾಗಸ್ವರ ತೆಗೆದುಕೊಂಡು ಮಿಲ್ಲಿನಲ್ಲಿ ಚಿನ್ನ ತೆಗೆದು ಉಳಿದ ಮಣ್ಣು ಸುರಿದಿದ್ದ ಸೈನೇಡ್ ದಿಬ್ಬದ ಬುಡಕ್ಕೆ ಹೋಗಿ ಊದುತ್ತಿದ್ದೆ. ಅಲ್ಲಿ ಯಾರೂ ಬರುತ್ತಿರಲಿಲ್ಲ. ನೆಲ ಯಾವಾಗ ಕುಲುಕುತ್ತದೆಂದು ಕಾಯುತ್ತ ಊದುವುದು; ಕಾಯುವುದೇ ಕುಲುಕುವುದಕ್ಕಿಂತ ಕೆಟ್ಟದ್ದು. ಕುಲುಕಿದಾಗಲೆಲ್ಲ ಸೋತೆ. ಮಳೆಗಾಲ ಹೋಗಿ ಚಳಿ ಬಂತು, ಚಳಿಗೆ ತುಟಿ ಒಡೆಯಿತು, ಪೀಪಿಗೆ ರಕ್ತ ಹತ್ತಿತು. ಆದರೂ ಬಿಡಲಿಲ್ಲ. ಧೈರ್ಯದಿಂದಲ್ಲ. ಬಿಟ್ಟು ಊರಿಗೆ ಹೋದರೆ ಟಿಂಬರಿನವನು ಆ ರಾತ್ರಿಯೇ ಸಾಯುತ್ತಾನೆಂದು ಒಂದು ಹೆದರಿಕೆ ಹೊಕ್ಕಿತ್ತು.

ದಾರಿ ಸಿಕ್ಕಿದ್ದು ಅವಮಾನದಿಂದ. ಮುಖ್ಯ ನಾಗಸ್ವರಕ್ಕೆ ನನ್ನನ್ನು ಯಾರೂ ಕರೆಯುತ್ತಿರಲಿಲ್ಲವಲ್ಲ, ಹೊರಗಿನಿಂದ ಬಂದ ಒಬ್ಬ ವಿದ್ವಾಂಸರಿಗೆ ಹತ್ತಿರದ ದೇವಸ್ಥಾನವೊಂದರಲ್ಲಿ ಒತ್ತು ಊದಲು ಹೋದೆ. ಹಳೆಯ ಜಾಗ, ಯಾರೂ ನೋಡದ ಜಾಗ. ಸಂಜೆಯ ಪೂಜೆಯ ನಡುವೆ ಏರ್‌ಬ್ಲಾಸ್ಟ್ ಆಯಿತು. ವಿದ್ವಾಂಸರು ನಿಲ್ಲಿಸಿ ಸುತ್ತ ನೋಡಿದರು. ಪೂಜಾರಿ ಗಂಟೆ ನಿಲ್ಲಿಸಿದರು. ದೇವಸ್ಥಾನದಲ್ಲಿ ಒಂದೇ ಒಂದು ಸ್ವರ ಅಲ್ಲಾಡದೆ ನಿಂತಿತ್ತು. ಅದು ನನ್ನ ಒತ್ತು ಎಂದು ಗೊತ್ತಾಗಲು ನನಗೇ ಸ್ವಲ್ಪ ಹೊತ್ತು ಬೇಕಾಯಿತು.

ಒತ್ತಿನವನು ಕೆನ್ನೆಯಲ್ಲಿ ಗಾಳಿ ತುಂಬಿಟ್ಟುಕೊಂಡಿರುತ್ತಾನೆ. ಮೂಗಿನಿಂದ ಉಸಿರು ಎಳೆದುಕೊಳ್ಳುವಾಗ ಕೆನ್ನೆಯ ಗಾಳಿ ಪೀಪಿಯನ್ನು ನುಡಿಸುತ್ತದೆ. ಹಾಗಾಗಿ ಸ್ವರ ಕಡಿಯುವುದೇ ಇಲ್ಲ. ಅವತ್ತೂ ನಾನು ಬೆಚ್ಚಿದ್ದೆ. ಮೈ ಉಸಿರು ಎಳೆದುಕೊಂಡಿತ್ತು. ಮೂಗಿನಿಂದ ಎಳೆದುಕೊಂಡಿತ್ತು.

ಗುರುಗಳಿಗೆ ಓಡಿ ಹೋಗಿ ಹೇಳಿದೆ. ಅವರು ಸಂತೋಷಪಡುತ್ತಾರೆಂದುಕೊಂಡಿದ್ದೆ, ಸಿಟ್ಟಾದರು. ನಾಗಸ್ವರ ಕಲಿಯತೊಡಗಿದ ಮೊದಲ ವರ್ಷ ನನ್ನ ಕೆನ್ನೆ ಉಬ್ಬಿದಾಗೆಲ್ಲ ಡೋಲಿನ ಕೋಲಿನಿಂದ ಕುಟ್ಟಿ ಆ ಅಭ್ಯಾಸ ಬಿಡಿಸಿದವರು ಅವರೇ.

"ಒತ್ತಿನವ್ನ ಕೆನ್ನೆ ತಕ್ಕಂಡು ಮುಹೂರ್ತಕ್ಕೆ ಕೂರ್ತೀಯಾ? ನಾದ ಗೊಗ್ಗರಾಯ್ತದೆ. ಕೇಳ್ದೋರು ನನ್ ಮಕಕ್ಕೆ ಉಗೀತಾರೆ."

"ನಿಲ್ಲಾದಿಲ್ಲ ಗುರುಗಳೇ."

"ನಿಲ್ಲದಿದ್ರೆ ಸಾಕಾ? ಕತ್ತೆನೂ ನಿಲ್ಲಾದಿಲ್ಲ."

ಅವರು ಹೇಳಿದ್ದು ಸುಳ್ಳಲ್ಲ. ಕೆನ್ನೆಯ ಗಾಳಿಯಲ್ಲಿ ಮೇಲಿನ ಸ್ವರ ಹಿಡಿದರೆ ಅದರ ಹೊಳಪು ಹೋಗಿ ಒರಟಾಗುತ್ತಿತ್ತು. ಆದರೂ ದಿಬ್ಬದ ಬುಡದಲ್ಲಿ ಕದ್ದು ಸಾಧನೆ ಮಾಡಿದೆ. ಹೊಟ್ಟೆಯ ಉಸಿರಿನಲ್ಲೇ ಊದುತ್ತ, ಬೇಕೆಂದಾಗ ಕೆನ್ನೆಗೆ ದಾಟಿಕೊಂಡು ಮತ್ತೆ ಹಿಂತಿರುಗುವುದು. ದಾಟುವ ಜಾಗದಲ್ಲಿ ಸ್ವರ ಜೋಲಿ ಹೊಡೆಯುತ್ತಿತ್ತು. ಹದವಾದ ಪೀಪಿ ಹುಡುಕಿದೆ. ಗಟ್ಟಿ ಪೀಪಿ ಕೆನ್ನೆಯ ಗಾಳಿಗೆ ನುಡಿಯುವುದಿಲ್ಲ, ಮೆದುವಾದದ್ದು ಮೇಲಿನ ಷಡ್ಜಕ್ಕೆ ತಡೆಯುವುದಿಲ್ಲ. ಜೊಂಡನ್ನು ನಾನೇ ಬೇಯಿಸಿ, ಒಣಗಿಸಿ, ಕಟ್ಟಿ, ಸವರಿ ನೋಡಿದೆ. ಎಷ್ಟೋ ಬಿಸಾಕಿದ ಮೇಲೆ ನಾಲ್ಕು ಕೈಗೆ ಹತ್ತಿದವು. ಆ ಬೇಸಿಗೆಯ ಹೊತ್ತಿಗೆ ನೆಲ ಕುಲುಕಿದರೂ ದಿಬ್ಬದಡಿಯಲ್ಲಿ ನನ್ನ ಸ್ವರ ನಿಲ್ಲುತ್ತಿರಲಿಲ್ಲ. ಜನರೆದುರು ನಿಲ್ಲುವುದಿಲ್ಲ ಎನ್ನುವ ನೆಚ್ಚಿಕೆ ಮಾತ್ರ ಇರಲಿಲ್ಲ.

ಒಂದು ಸಂಜೆ ಟಿಂಬರಿನವನು ನಮ್ಮ ಜಗಲಿಗೆ ಬಂದ. ಅವನ ತಂಗಿಗೆ ಗಂಡು ಗೊತ್ತಾಗಿತ್ತು.

"ಓಲಗಕ್ಕೆ ನೀವೇ ಬರ್ಬೇಕು ಅಣ್ಣ."

"ನಿಮ್ಮಮ್ಮ ಒಪ್ತಾರಾ?" ಎಂದೆ.

"ಅಮ್ಮ ಕೋಲಾರದೋರ್ನ ಕರ್ಸು ಅಂತ ಕುಂತವ್ಳೆ. ನಮ್ಮೋಳು ಬುಡಾಕಿಲ್ಲ. ಆ ಅಣ್ಣನೇ ಊದ್ಬೇಕು ಅಂತ ಅಟ ಇಡ್ದವ್ಳೆ." ಅವನು ನೆಲ ನೋಡುತ್ತ ಹೇಳಿದ. "ನಾನು ಕೆಳೀಕೆ ಓದ್ರೆ ಅವ್ಳು ಊಟ ಮಾಡಾಕಿಲ್ಲ ಅಣ್ಣ. ನಾನ್ ಬರೋಗಂಟ ಅಂಗೇ ಕುಂತಿರ್ತಾಳೆ. ಬ್ಯಾರೇರು ಬಂದು ಚೆನ್ನಾಗ್ ಊದಿದ್ರೆ, ಕೆಟ್ಟಿದ್ದು ನಮ್ದೊಂದೇ ಅಂತ ಆಯ್ತದೆ. ನೀವು ಊದಿ ನಿಲ್ಲಿಸ್ದೇ ಇದ್ರೆ, ಅವತ್ತಿಂದು ಏನೋ ಆಯ್ತು ಓಯ್ತು ಅಂತ ಬುಡ್ತಾಳೇನೋ."

ಮತ್ತೆ ನಿಂತರೆ ಏನಾಗುತ್ತದೆಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಒಳಗಿನಿಂದ ಗುರುಗಳು, "ಬತ್ತಾನೆ ಓಗಪ್ಪ" ಎಂದು ಕೂಗಿದರು. ನನ್ನ ಪರವಾಗಿ ಒಪ್ಪಿಕೊಂಡವರು ಅವರು. ನಾನಾಗಿದ್ದರೆ ಒಪ್ಪುತ್ತಿದ್ದೆನೋ ಇಲ್ಲವೋ, ಈಗಲೂ ಹೇಳಲಾರೆ.

ಮದುವೆಯ ಹಿಂದಿನ ದಿನ ಗಣಿಯೊಳಗೆ ಒಂದು ಕಡೆ ಬಂಡೆ ಸದ್ದು ಮಾಡುತ್ತಿದೆ ಎಂದು ಟಿಂಬರಿನವರನ್ನೆಲ್ಲ ಕರೆದರು. ರಜೆಯ ಮೇಲಿದ್ದ ಇವನನ್ನೂ ಕರೆದರು. ಬೆಳಕು ಹರಿಯುವಷ್ಟರಲ್ಲಿ ಮೇಲೆ ಬಂದು ಸ್ನಾನ ಮಾಡಿ ನಿಂತಿರುತ್ತೇನೆ ಎಂದು ತಾಯಿಗೂ ಹೆಂಡತಿಗೂ ಹೇಳಿ ಹೋದನಂತೆ. ಬೆಳಗಾಯಿತು. ಅವನು ಬರಲಿಲ್ಲ. ನಾನು ಬಿಲಹರಿ ಊದುತ್ತ ಚಪ್ಪರದ ಬಾಗಿಲನ್ನೇ ನೋಡುತ್ತಿದ್ದೆ. ಅವನ ಹೆಂಡತಿಯೂ ಆರತಿ ತಟ್ಟೆ ಹಿಡಿದು ಅಲ್ಲೇ ನೋಡುತ್ತಿದ್ದಳು. ಇಬ್ಬರ ಕಣ್ಣೂ ಒಂದೆರಡು ಸಲ ಕೂಡಿದವು. ಮುಹೂರ್ತ ಮೀರುತ್ತದೆ ಎಂದು ಪುರೋಹಿತರು ಅವಸರ ಮಾಡಿದರು. ತಂದೆಯಿಲ್ಲದ ಮನೆಯಲ್ಲಿ ಅವನು ಎರೆಯಬೇಕಿದ್ದ ಧಾರೆಯನ್ನು ಅವನ ಚಿಕ್ಕಪ್ಪ ಎರೆದರು.

ಪುರೋಹಿತರ ಕೈ ಮೇಲೆ ಹೋಯಿತು. ನಾನು ಎದ್ದು ನಿಲ್ಲುವ ವಾಡಿಕೆ ಬಿಟ್ಟು ಕೂತೇ ಊದಲು ಶುರುಮಾಡಿದೆ. ಕೂತರೆ ಪಾದಕ್ಕೆ ತಿಳಿಯುವುದು ಸ್ವಲ್ಪ ಕಡಿಮೆ. ಡೋಲು ಉರುಳಿತು. ಮದುಮಗ ತಾಳಿ ಕೈಗೆ ತೆಗೆದುಕೊಂಡ.

ನೆಲ ಕುಲುಕಲಿಲ್ಲ, ಎತ್ತಿಹಾಕಿತು. ಅಂಥದ್ದನ್ನು ಆ ಲೈನಿನವರೂ ಹೆಚ್ಚು ಕಂಡಿರಲಾರರು. ಕಲಶ ಉರುಳಿತು. ಹಿಂದಿನ ಮನೆಯಲ್ಲಿ ಗೂಡಿನ ಪಾತ್ರೆಗಳು ಬಿದ್ದವು. ನನ್ನ ಎದೆ ಒಡೆಯುವಂತೆ ಉಸಿರು ಎಳೆದುಕೊಂಡಿತು. ಅದನ್ನು ಮೂಗಿನಿಂದ ಎಳೆದುಕೊಂಡೆ. ಕೆನ್ನೆ ಉಬ್ಬಿ ಸ್ವರ ಉಳಿಯಿತು, ಗೊಗ್ಗರಾಗಿ, ಕಡಿಯದೆ. ಪಕ್ಕದಲ್ಲಿ ಗುರುಗಳು ನನ್ನ ಕೆನ್ನೆ ನೋಡಿದರು. ನೋಡಿ, ಕಣ್ಣು ಮುಚ್ಚಿಕೊಂಡು ತಿದಿ ಒತ್ತಿದರು. ಮಾವ ನನ್ನ ಮುಖವನ್ನೇ ದಿಟ್ಟಿಸುತ್ತ ಡೋಲು ಬಾರಿಸುತ್ತಿದ್ದರು. ನಾನು ಬಿಟ್ಟರೆ ಬಿಡೋಣ ಎಂಬಂತೆ.

ಚಪ್ಪರದಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದ್ದರು. ಆಗ ನನಗೆ ಸೈರನ್ ಕೇಳಿಸಿತು. ನಮ್ಮ ಶ್ರುತಿಗಿಂತ ಒಂದಿಷ್ಟು ಕೆಳಗಿದ್ದು, ಅದಕ್ಕೆ ಉಜ್ಜಿಕೊಂಡು ಕೂಗುತ್ತಿತ್ತು. ಒತ್ತು ಊದಿ ಬೆಳೆದ ಕಿವಿ, ಶ್ರುತಿಗೆ ಹೊಂದದ ಸದ್ದು ಎಷ್ಟು ಸಣ್ಣಗಿದ್ದರೂ ಬಿಡುವುದಿಲ್ಲ. ಬೇರೆ ಯಾರಿಗೂ ಕೇಳಿಸುತ್ತಿರಲಿಲ್ಲ. ಡೋಲು, ನಾಗಸ್ವರ ಎರಡೂ ಅವರ ಕಿವಿಯ ಮೇಲೇ ಇದ್ದವು.

ಟಿಂಬರಿನವನ ಹೆಂಡತಿ ತಾಳಿಯ ಕಡೆ ನೋಡುತ್ತಿರಲಿಲ್ಲ. ತಲೆ ಸ್ವಲ್ಪ ವಾಲಿಸಿ, ನನ್ನ ಸದ್ದಿನ ಆಚೆಗೆ ಏನಾದರೂ ಇದೆಯೋ ಎಂದು ಆಲಿಸುತ್ತಿದ್ದಳು. ನಾನು ಒಂದು ಗಳಿಗೆ ತಗ್ಗಿಸಿದರೆ ಅವಳಿಗೆ ಗೊತ್ತಾಗುತ್ತದೆ. ಅವಳ ಗಂಡ ಕೆಳಗಿದ್ದಾನೆ. ಗೊತ್ತಾಗಬೇಕಾದ್ದು ಅವಳಿಗೇ. ಅವಳನ್ನು ತಡೆದಿಡಲು ನಾನು ಯಾರು? ಇತ್ತ ಮದುಮಗನ ಬೆರಳಿನಿಂದ ಮೊದಲ ಗಂಟು ಜಾರಿತು. ಮತ್ತೆ ಹಾಕಿದ. ತಲೆ ತಗ್ಗಿಸಿ ಕೂತ ಆ ಹುಡುಗಿಗೆ ಅಣ್ಣ ಬಂದಿಲ್ಲವೆನ್ನುವುದು ಬಿಟ್ಟು ಬೇರೇನೂ ಗೊತ್ತಿಲ್ಲ. ನಾನು ಕಣ್ಣು ಮುಚ್ಚಿಕೊಂಡೆ, ಇನ್ನೂ ಜೋರಾಗಿ ಊದಿದೆ.

ಆಮೇಲೆ ಎಷ್ಟೋ ಲಗ್ನಗಳಿಗೆ ಊದಿದ್ದೇನೆ, ದೊಡ್ಡ ಊರುಗಳ ಕಚೇರಿಗಳಲ್ಲಿ ಕೂತಿದ್ದೇನೆ, ಶಾಲು ಹೊದಿಸಿಕೊಂಡಿದ್ದೇನೆ. ಅಷ್ಟು ಉದ್ದದ ಗಟ್ಟಿಮೇಳ ಇನ್ನೊಂದಿಲ್ಲ. ಎರಡನೆಯ ಗಂಟು. ಕೆನ್ನೆಯ ಸ್ನಾಯು ಕಿತ್ತುಬರುವಂತಾಯಿತು. ತುಟಿ ಒಡೆದು ಉಪ್ಪು ರುಚಿ ಬಂತು. ಸೈರನ್ ನಿಲ್ಲುವ ಹಾಗೆ ಕಾಣಲಿಲ್ಲ. ಮೂರನೆಯ ಗಂಟು ಬಿದ್ದದ್ದನ್ನು ನಾನು ನೋಡಲಿಲ್ಲ. ಮಾವ ಮೊಣಕೈಯಿಂದ ತಿವಿದಾಗ ಕಣ್ಣು ಬಿಟ್ಟೆ. ಪುರೋಹಿತರ ಕೈ ಕೆಳಗಿಳಿದಿತ್ತು.

ನಾಗಸ್ವರ ತುಟಿಯಿಂದ ತೆಗೆದೆ. ಸೈರನ್ ಚಪ್ಪರದೊಳಗೆ ಬಂತು.

ಅವಳು ತಟ್ಟೆಯನ್ನು ನೆಲದ ಮೇಲಿಟ್ಟಳು. ಎಸೆಯಲಿಲ್ಲ, ಇಟ್ಟಳು. ಆಮೇಲೆ ಓಡಿದಳು. ಅವಳ ಹಿಂದೆ ಅತ್ತೆ, ಅವರ ಹಿಂದೆ ಇಡೀ ಲೈನು. ನಾನೂ ಓಡಿದೆ. ಶಾಫ್ಟಿನ ಗೇಟು ತಲುಪಿದ ಮೇಲೆಯೇ ಕೈಯಲ್ಲಿ ನಾಗಸ್ವರ ಇನ್ನೂ ಇರುವುದು ಗೊತ್ತಾದದ್ದು. ಸಾವಿನ ಸುದ್ದಿಗೆ ಕಾಯುವ ಜಾಗದಲ್ಲಿ ಮಂಗಳವಾದ್ಯ. ಅದನ್ನು ಶಲ್ಯದೊಳಗೆ ಮುಚ್ಚಿಕೊಂಡು ತಂತಿ ಬೇಲಿಯ ಹತ್ತಿರ ನಿಂತೆ.

ಗೇಟು ಹಾಕಿದ್ದರು. ವಾಚ್‌ಮನ್ ತಮಿಳಿನಲ್ಲಿ, ತೆಲುಗಿನಲ್ಲಿ, ಕನ್ನಡದಲ್ಲಿ ಒಂದೇ ಮಾತು ಹೇಳುತ್ತಿದ್ದ: ಯಾರು ಯಾರು ಎಂದು ಇನ್ನೂ ಗೊತ್ತಿಲ್ಲ. ಅವಳು ಬೇಲಿಯ ತಂತಿ ಹಿಡಿದು ನಿಂತಿದ್ದಳು. ಅತ್ತೆ ನೆಲದ ಮೇಲೆ ಕೂತುಬಿಟ್ಟಿದ್ದಳು. ಶಾಫ್ಟಿನ ಮೇಲಿನ ದೊಡ್ಡ ಚಕ್ರ ಆಗಾಗ ತಿರುಗಿ ನಿಲ್ಲುತ್ತಿತ್ತು. ಜನರನ್ನು ಇಳಿಸಿ ಹತ್ತಿಸುವ ಕೇಜ್ ಮೇಲೆ ಬರುತ್ತಿದೆಯೋ ಕೆಳಗೆ ಹೋಗುತ್ತಿದೆಯೋ ನನಗೆ ತಿಳಿಯುತ್ತಿರಲಿಲ್ಲ. ಅವಳ ಹತ್ತಿರ ಹೋಗಬಾರದೆಂದುಕೊಂಡೇ ಹೋದೆ.

ಅವಳು ತಿರುಗದೆಯೇ ಕೇಳಿದಳು. "ನಿಂಗೆ ಕೇಳಿಸ್ತಿತ್ತಾ ಅಣ್ಣ?"

"ಕೇಳಿಸ್ತಿತ್ತು ತಾಯಿ."

ಅವಳು ತಂತಿಯನ್ನು ಇನ್ನೂ ಬಿಗಿಯಾಗಿ ಹಿಡಿದಳು. ನನ್ನನ್ನು ಶಪಿಸುತ್ತಾಳೆಂದುಕೊಂಡೆ. ಶಪಿಸಿದರೆ ತಲೆ ಬಾಗಿಸಿ ನಿಲ್ಲುವುದೆಂದೂ ಅಂದುಕೊಂಡೆ.

"ನಂಗೆ ಕೇಳ್ಸಿದ್ರೆ ಎದ್ದು ಓಡ್ಬುಡ್ತಿದ್ದೆ," ಅಂದಳು. "ಆ ಮಗೀನ ತಾಳೀಗೂ ನಂದೇ ಗತಿ ಆಗ್ತಿತ್ತು. ದಿನಾ ಬೀದಿ ಕೊನೇಲಿ ನಿಂತ್ಕಂಡು."

ಅದು ಕ್ಷಮೆಯೋ ಬರಿಯ ಲೆಕ್ಕಾಚಾರವೋ ಅವಳ ದನಿಯಲ್ಲಿ ಗೊತ್ತಾಗಲಿಲ್ಲ. ಅವಳ ಕಣ್ಣು ಚಕ್ರದ ಮೇಲೇ ಇತ್ತು.

ಮೊದಲ ಕೇಜಿನಲ್ಲಿ ಬಂದವರಲ್ಲಿ ಅವನಿರಲಿಲ್ಲ. ಎರಡನೆಯದರಲ್ಲಿ ಸ್ಟ್ರೆಚರುಗಳು ಬಂದವು. ಹೆಂಗಸರು ಗೇಟಿಗೆ ನುಗ್ಗಿದರು, ಯಾರದೋ ಹೆಸರು ಹಿಡಿದು ಯಾರೋ ಕೂಗಿಕೊಂಡರು. ಅವಳು ಕದಲಲಿಲ್ಲ. ಬಿಸಿಲು ಇಳಿಯತೊಡಗಿತು. ಚಕ್ರ ಮತ್ತೆ ತಿರುಗಿತು.

ಈ ಸಲ ಕೆಲವರು ನಡೆದುಕೊಂಡು ಬಂದರು. ಎಲ್ಲರ ಮುಖವೂ ಧೂಳಿನಲ್ಲಿ ಒಂದೇ ಬಣ್ಣ. ಒಬ್ಬನನ್ನು ಇಬ್ಬರು ತೋಳು ಹಿಡಿದು ನಡೆಸುತ್ತಿದ್ದರು. ಅವನ ಕಿವಿಯಿಂದ ಇಳಿದ ರಕ್ತ ಕುತ್ತಿಗೆಯ ಮೇಲೆ ಒಣಗಿತ್ತು. ಅವನ ತಾಯಿ ಎದ್ದು ಗೇಟಿನ ಕಡೆ ಎಡವುತ್ತ ಓಡಿದಳು. ವಾಚ್‌ಮನ್ ಗೇಟು ತೆರೆದ.

ಅವನಿಗೆ ಯಾರ ಮಾತೂ ಕೇಳಿಸುತ್ತಿರಲಿಲ್ಲ. ಸ್ಫೋಟಕ್ಕೆ ಕಿವಿ ಹೋಗಿತ್ತು. ಒಂದು ಕಿವಿ ಮಾತ್ರ ಮುಂದೆ ಸ್ವಲ್ಪ ಸರಿಹೋಯಿತು. ಆದ್ದರಿಂದ ಅವನು ಎಲ್ಲರಿಗೂ ಕೇಳುವ ಹಾಗೆ ಕೂಗಿ ಮಾತಾಡಿದ. ಹೆಂಡತಿಯ ಮುಖ ಕಂಡೊಡನೆ ಅವನು ಕೇಳಿದ್ದು ಒಂದೇ.

"ತಾಳಿ ಕಟ್ಟಿದ್ದಾಯ್ತಾ?"

ಅವಳು ಅವನ ಮುಖವನ್ನು ಎರಡು ಕೈಯಲ್ಲೂ ಹಿಡಿದುಕೊಂಡು, ತುಟಿ ನೋಡಿ ತಿಳಿಯಲೆಂದು ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ಆಯ್ತು. ಯಾರ್ಗೂ ಏನೂ ಕೇಳಿಸ್ಲಿಲ್ಲ."